ಎಡಗೈಯ ಹಾಡು

ಆಲೂರಿನಿಂದ ಸಕಲೇಶಪುರದ ಕಡೆಗೆ ಹೊರಟರೆ, ಬಯಲಿನ ಹೊಲಗದ್ದೆಗಳು ಹಿಂದೆ ಸರಿದು ಕಾಫಿಯ ತೋಟಗಳು ಮೊದಲಾಗುವ ಎಡೆಯಲ್ಲಿ ಒಂದು ಹಳೆಯ ಹೆಂಚಿನ ಮನೆಯುಂಟು. ಅದರ ನಡುಮನೆಯಲ್ಲಿ, ಗೋಡೆಗೆ ಒತ್ತಿ ಇಟ್ಟು ಹಳೆಯ ಸೀರೆಯೊಂದನ್ನು ಹೊದಿಸಿದ ಒಂದು ಕಾಲು ಹಾರ್ಮೋನಿಯಂ ಇದೆ. ನಾಟಕದವರು ಲೆಗ್ ಹಾರ್ಮೋನಿಯಂ ಎಂದು ಕರೆಯುವ ಜಾತಿಯದು. ಎದುರಿಗೆ ಕುಳಿತು ಕಾಲಿನಿಂದ ತಿದಿಯೊತ್ತುತ್ತ ಎರಡು ಕೈಗಳಿಂದಲೂ ನುಡಿಸುವಂಥದು. ಮನೆಯ ಹಿರಿಯರು ಒಂದು ಕಾಲದಲ್ಲಿ ನಾಟಕದ ಕಂಪೆನಿಯೊಂದರಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ದರು. ಊರು ಬಿಟ್ಟು ಊರಿಗೆ ಡೇರೆ ಹಾಕುತ್ತ ನಡೆದ ಆ ಕಂಪೆನಿ ಒಂದು ಮಳೆಗಾಲದಲ್ಲಿ ಕ್ಯಾಂಪಿನಲ್ಲಿಯೇ ಮುರಿದುಬಿತ್ತು. ಎಂಟು ತಿಂಗಳ ಸಂಬಳ ಬಾಕಿ ಇತ್ತು. ಮಾಲೀಕನ ಬಳಿ ಹಣವಿರಲಿಲ್ಲ. “ಇದನ್ನಾದರೂ ತೆಗೆದುಕೊಂಡು ಹೋಗಿ ಮೇಷ್ಟ್ರೇ” ಎಂದು ಆತ ಪೆಟ್ಟಿಗೆಯನ್ನು ತೋರಿಸಿದನು. ಕೊಟ್ಟವನಿಗೂ ನಾಚಿಕೆ, ಪಡೆದವರಿಗೂ ನಾಚಿಕೆ. ಭತ್ತದ ಮೂಟೆಗಳ ಮೇಲೆ ಕುಳಿತು ಲಾರಿಯಲ್ಲಿ ಊರಿಗೆ ಬಂದ ಆ ಹಾರ್ಮೋನಿಯಂ ಅಂದಿನಿಂದ ಆ ಮನೆಯನ್ನು ಬಿಟ್ಟು ಕದಲಿಲ್ಲ.

ಎರಡು ವರ್ಷಗಳ ಹಿಂದೆ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿಯಿತು. ಔಷಧೋಪಚಾರದಿಂದ ಮಾತು ಮರಳಿತು. ಕೋಲೂರಿ ಅಂಗಳದವರೆಗೆ ನಡೆಯುವಷ್ಟು ಕಾಲೂ ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಹಾರ್ಮೋನಿಯಂ ನುಡಿಸುವವರಿಗೆ ಬಲಗೈ ಎಂದರೆ ಏನೆಂಬುದನ್ನು ಬಲ್ಲವರೇ ಬಲ್ಲರು. ಕೈಪೆಟ್ಟಿಗೆಯಲ್ಲಿ ಎಡಗೈಗೆ ತಿದಿಯೊತ್ತುವ ಚಾಕರಿ. ಕಾಲುಪೆಟ್ಟಿಗೆಯಲ್ಲಿ ಆ ಚಾಕರಿ ತಪ್ಪಿದರೂ ದೊರೆತನವೇನೂ ಸಿಕ್ಕುವುದಿಲ್ಲ. ಬಲಗೈ ನುಡಿದುದನ್ನೇ ಕೆಳಗಿನ ಸ್ಥಾಯಿಯಲ್ಲಿ ಹಿಂಬಾಲಿಸಬೇಕು, ಇಲ್ಲವೆ ಷಡ್ಜ ಪಂಚಮಗಳನ್ನು ಹಿಡಿದುಕೊಂಡು ದೀಪಧಾರಿಯಂತೆ ನಿಂತಿರಬೇಕು. “ಅರಸು ಹೋದ ಮೇಲೆ ಆಳಿಗೇನು ಕೆಲಸ?” ಎಂದು ಮೇಷ್ಟ್ರು ಪೆಟ್ಟಿಗೆಯ ಮೇಲೆ ಸೀರೆಯನ್ನು ಹೊದಿಸಿದರು. ಆ ಸೀರೆ ತೀರಿಕೊಂಡ ಹೆಂಡತಿಯದು.

ಸಕಲೇಶಪುರದ ಸುತ್ತಮುತ್ತ ಈಗ ತೋಟದ ಬಂಗಲೆಗಳಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವ ಉದ್ಯಮ ಬೆಳೆದಿದೆ. ಅಂಥ ಬಂಗಲೆಯ ಯಜಮಾನರೊಬ್ಬರು ಹಳೆಯ ಕಾಲದ ವಸ್ತುಗಳನ್ನು ಹುಡುಕುತ್ತ ಈ ಮನೆಗೂ ಬಂದರು. ಅವರಿಗೆ ಬೇಕಾಗಿದ್ದುದು ನಾದವಲ್ಲ, ಮರದ ಕೆತ್ತನೆ. ಬಂಗಲೆಯ ಮೊಗಸಾಲೆಯಲ್ಲಿ ಅದನ್ನು ನಿಲ್ಲಿಸಿ ಮೇಲೊಂದು ಹೂಕುಂಡ ಇಡಬೇಕೆಂಬುದು ಅವರ ಆಸೆ. ಮಗ ತಂದೆಯ ಮುಖ ನೋಡಿದನು. ತಂದೆ ತಲೆಯಾಡಿಸಿದರು. ಮುಂಗಡವೂ ಕೈಸೇರಿತು. ತಿಂಗಳ ಕೊನೆಗೆ ಬಂದು ಒಯ್ಯುವುದೆಂದು ಮಾತಾಯಿತು.

ಆಗ ಏಪ್ರಿಲ್ ತಿಂಗಳು. ಹೂಮಳೆ ಬಿದ್ದು, ಗಿಡಗಿಡಗಳಲ್ಲಿಯೂ ಕಾಫಿಯ ಹೂ ಅರಳಿ, ಇಡೀ ಗುಡ್ಡ ಮಲ್ಲಿಗೆಯ ದಂಡೆ ಮುಡಿದಂತೆ ಕಾಣುತ್ತಿತ್ತು. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳ ಮಗಳು ರಜಕ್ಕೆಂದು ರೈಲಿನಲ್ಲಿ ಬಂದಿಳಿದಳು. ಹದಿನಾಲ್ಕರ ಹುಡುಗಿ; ನಾಲ್ಕು ವರ್ಷಗಳಿಂದ ಪಿಯಾನೋ ಕಲಿಯುತ್ತಿದ್ದಳು, ಶಾಲೆಯ ವೃಂದದಲ್ಲಿ ಹಾಡುತ್ತಿದ್ದಳು. ಬಂದ ಮಧ್ಯಾಹ್ನವೇ ಪೆಟ್ಟಿಗೆಯ ಬಳಿ ನಿಂತು, “ತಾತ, ಇದನ್ನು ತೆಗೆಯಲಾ?” ಎಂದು ಕೇಳಿದಳು.

“ತೆಗೆಯವ್ವ. ಹೇಗಿದ್ದರೂ ಹೋಗುವ ಪದಾರ್ಥ” ಎಂದು ಮೇಷ್ಟ್ರು ಒಳಗೆ ಹೋಗಿ ಮಲಗಿದರು.

ತಿದಿಯೊತ್ತುವುದು ಅವಳಿಗೆ ಅಭ್ಯಾಸವಿರಲಿಲ್ಲ. ಮೊದಮೊದಲು ಪೆಟ್ಟಿಗೆ ಗೂರಲು ಹಿಡಿದವರಂತೆ ಉಸಿರಾಡಿತು. ಆಮೇಲೆ ಕಾಲು ಹದಕ್ಕೆ ಬಂತು. ಒಳಗೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದ ಮೇಷ್ಟ್ರು ಕಣ್ಣು ತೆರೆದರು. ಬಿಳಿ ಒಂದು ಷಡ್ಜ; ಶುದ್ಧ ಶಂಕರಾಭರಣದ ಸ್ವರಗಳು. ಆದರೆ ಒಂದು ಧ್ವನಿ ನುಡಿಯತೊಡಗಿ ಅರೆಗಳಿಗೆಯಾಗುವಷ್ಟರಲ್ಲಿ ಇನ್ನೊಂದು ಧ್ವನಿ ಕೆಳಗಿನಿಂದ ಅದೇ ಮಾತನ್ನು ಎತ್ತಿಕೊಂಡಿತು. ಮೊದಲನೆಯದು ನಿಲ್ಲಲಿಲ್ಲ, ಎರಡನೆಯದು ಕಾಯಲಿಲ್ಲ. ಮೇಷ್ಟ್ರು ಎದ್ದು ಕೋಲೂರಿಕೊಂಡು ಬಾಗಿಲಿಗೆ ಬಂದರು.

“ಜೊತೆಯಲ್ಲಿ ನುಡಿಸಿದವರು ಯಾರವ್ವ?”

“ಯಾರೂ ಇಲ್ಲ ತಾತ, ನಾನೊಬ್ಬಳೇ.”

“ಇಬ್ಬರು ನುಡಿಸಿದ್ದು ಕೇಳಿಸಿತಲ್ಲ!”

“ಇಬ್ಬರೇ ತಾತ. ಇದು ಒಬ್ಬ, ಇದು ಇನ್ನೊಬ್ಬ” ಎಂದು ಹುಡುಗಿ ತನ್ನ ಎರಡು ಕೈಗಳನ್ನೂ ಎತ್ತಿ ತೋರಿಸಿ ನಕ್ಕಳು.

ಅವಳು ನುಡಿಸಿದ್ದು ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ ರಚಿಸಿದ 15 ‘ಇನ್ವೆನ್ಷನ್’ಗಳಲ್ಲಿ ಮೊದಲನೆಯದು. ಒಟ್ಟು 22 ಆವರ್ತಗಳ ಕಿರಿಯ ಕೃತಿ. ಅದರ ಬೀಜವೆಂದರೆ ಎಂಟು ಸ್ವರಗಳ ಒಂದು ಪುಟ್ಟ ಮಾತು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ‘ಸರಿಗಮರಿಗಸಪ’. ಬಲಗೈ ಇದನ್ನು ಹೇಳುತ್ತದೆ. ಅರ್ಧ ಆವರ್ತ ಕಳೆಯುವಷ್ಟರಲ್ಲಿ ಎಡಗೈ ಒಂದು ಸ್ಥಾಯಿ ಕೆಳಗೆ ಅದನ್ನೇ ಹೇಳುತ್ತದೆ. ಎರಡನೆಯ ಆವರ್ತದಲ್ಲಿ ಅದೇ ಮಾತು ಪಂಚಮದಿಂದ ಹೊರಡುತ್ತದೆ. ಮೂರನೆಯದರಲ್ಲಿ ಏರುವುದೆಲ್ಲ ಇಳಿಯುವುದಾಗಿ, ಇಳಿಯುವುದೆಲ್ಲ ಏರುವುದಾಗಿ, ನೀರಿನಲ್ಲಿ ಕಂಡ ಮರದಂತೆ ತಲೆಕೆಳಗಾಗುತ್ತದೆ. ಈ ಒಂದು ಚಿಟಿಕೆ ಸ್ವರದಿಂದ ಇಡೀ ಕೃತಿ ಹೊಮ್ಮುತ್ತದೆ.

ಬಾಖ್ ಹುಟ್ಟಿದ್ದು 1685ರಲ್ಲಿ. ಹ್ಯಾಂಡೆಲ್ ಮತ್ತು ಇಟಲಿಯ ಸ್ಕಾರ್ಲಾಟಿ ಹುಟ್ಟಿದ್ದೂ ಅದೇ ವರ್ಷ. ಸುಮಾರು 1600ರಿಂದ 1750ರವರೆಗಿನ ಆ ಯುಗಕ್ಕೆ ಬರೋಕ್ ಎಂದು ಹೆಸರು. ಪೋರ್ಚುಗೀಸ್ ಭಾಷೆಯಲ್ಲಿ ಓರೆಕೋರೆಯ ಮುತ್ತಿಗಿರುವ ಹೆಸರಿನಿಂದ ಅದು ಬಂದಿತೆನ್ನುತ್ತಾರೆ. ಹಂಗಿಸಲು ಇಟ್ಟ ಹೆಸರು ಹೊಗಳಿಕೆಯಾಗಿ ಉಳಿದುಬಂದಿತು. 1720ರ ಜನವರಿಯಲ್ಲಿ ಬಾಖ್ ತನ್ನ ಹಿರಿಯ ಮಗ ಫ್ರೀಡೆಮಾನನಿಗಾಗಿ ಒಂದು ಪಾಠದ ಪುಸ್ತಕವನ್ನು ತೊಡಗಿಸಿದನು. ಹುಡುಗನಿಗೆ ಆಗ ಒಂಬತ್ತು ವರ್ಷ. ಅದೇ ವರ್ಷದ ಬೇಸಗೆಯಲ್ಲಿ ಬಾಖ್ ತನ್ನ ಒಡೆಯನ ಪರಿವಾರದೊಡನೆ ಪರಸ್ಥಳಕ್ಕೆ ಹೋಗಿ ಹಿಂದಿರುಗುವಷ್ಟರಲ್ಲಿ ಹೆಂಡತಿ ತೀರಿಕೊಂಡು ಮಣ್ಣೂ ಆಗಿಹೋಗಿತ್ತು. ತಾಯಿಯಿಲ್ಲದ ಮಗುವಿಗೆ ತಂದೆ ಪಾಠವನ್ನು ಮುಂದುವರಿಸಿದನು. ಆ ಪುಸ್ತಕದಲ್ಲಿ ಮೊಳೆತ ಈ ಕೃತಿಗಳನ್ನು 1723ರಲ್ಲಿ ತಿದ್ದಿ ಅಂದವಾಗಿ ಬರೆದಿಟ್ಟಾಗ, ಎರಡು ಧ್ವನಿಗಳನ್ನು ಸ್ವಚ್ಛವಾಗಿ ನುಡಿಸಲು ಕಲಿಯುವುದಕ್ಕಾಗಿ, ಎಲ್ಲಕ್ಕಿಂತ ಮುಖ್ಯವಾಗಿ ಹಾಡುವ ರೀತಿಯಲ್ಲಿ ನುಡಿಸಲು ಕಲಿಯುವುದಕ್ಕಾಗಿ ಇವು ಎಂದು ಮೊದಲ ಪುಟದಲ್ಲಿ ವಿವರಿಸಿದನು.

ನಮ್ಮಲ್ಲಿ ಸರಳೆ ಜಂಟಿ ವರಸೆಗಳನ್ನು ಪುರಂದರದಾಸರೇ ಹಾಕಿಕೊಟ್ಟರೆಂದು ಹೇಳುವುದುಂಟಷ್ಟೆ. ಮಗುವಿನ ಮೊದಲ ಪಾಠವನ್ನು ಅರೆಕಲಿತವರಿಗೆ ಬಿಡದೆ ದೊಡ್ಡವರೇ ಕೈಹಿಡಿದು ಬರೆದ ಭಾಗ್ಯ ಎರಡು ಸಂಗೀತಗಳಿಗೂ ಒದಗಿತು.

ಆದರೆ ಮೇಷ್ಟ್ರು ಸುಲಭವಾಗಿ ಒಪ್ಪುವವರಲ್ಲ. “ಇದರಲ್ಲಿ ಗಮಕವೆಲ್ಲಿ? ಸ್ವರದಿಂದ ಸ್ವರಕ್ಕೆ ಜಾರುವ ನಯವೆಲ್ಲಿ? ಲೆಕ್ಕ ಮಾಡಿದ ಹಾಗೆ ಇದೆಯಲ್ಲವ್ವ!” ಎಂದರು. ಈ ಮಾತಿನಲ್ಲಿ ಅವರ ಹಳೆಯ ನೋವೊಂದು ಅಡಗಿತ್ತು. ಇದೇ ಆಕ್ಷೇಪಣೆಯನ್ನು ಹಾರ್ಮೋನಿಯಂ ಕುರಿತು ವಿದ್ವಾಂಸರು ಮಾಡುತ್ತಿದ್ದುದನ್ನು ಅವರು ಜೀವಮಾನವೆಲ್ಲ ಕೇಳಿದ್ದರು. ಪ್ಯಾರಿಸ್ಸಿನ ದೆಬೆಯ್ನ್ 1842ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಪಾದ್ರಿಗಳ ಮೂಲಕವೂ ವರ್ತಕರ ಮೂಲಕವೂ ಭಾರತಕ್ಕೆ ಬಂದು, ಕೈಪೆಟ್ಟಿಗೆಯಾಗಿ ಮನೆಮನೆಗೂ ಹೊಕ್ಕಿತು. ಆದರೆ ಗಮಕ ನುಡಿಯದೆಂಬ ಕಾರಣದಿಂದ 1940ರಲ್ಲಿ ರೇಡಿಯೋ ನಿಲಯಗಳಿಂದ ಅದಕ್ಕೆ ಬಹಿಷ್ಕಾರವಾಯಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಮೇಷ್ಟ್ರ ಯೌವನವೆಲ್ಲ ಆ ಬಹಿಷ್ಕಾರದ ಕಾಲದಲ್ಲಿಯೇ ಕಳೆದಿತ್ತು.

ವಿಚಿತ್ರವೆಂದರೆ, ಬಾಖನ ಕಾಲದ ಹಾರ್ಪ್ಸಿಕಾರ್ಡಿಗೂ ಇಂಥದೇ ಬಡತನವಿತ್ತು. ಅದರ ಮನೆಯನ್ನು ಒತ್ತಿದರೆ ಹಕ್ಕಿಯ ಗರಿಯ ಕಡ್ಡಿಯೊಂದು ತಂತಿಯನ್ನು ಮೀಟುತ್ತದೆ. ಮೆಲ್ಲನೆ ಒತ್ತಿದರೂ ಬಲವಾಗಿ ಒತ್ತಿದರೂ ಧ್ವನಿ ಹೆಚ್ಚುಕಡಿಮೆ ಒಂದೇ. ಹುಟ್ಟಿದ ನಾದ ಕ್ಷಣದಲ್ಲಿ ಕ್ಷೀಣಿಸುತ್ತದೆ. ಒಂದು ಸ್ವರವನ್ನು ಹಿಗ್ಗಿಸಿ ಕುಗ್ಗಿಸಿ ಮುದ್ದಿಸುವಂತಿಲ್ಲ. ಆದುದರಿಂದ ಆ ಕಾಲದವರು ಭಾವವನ್ನು ಇನ್ನೊಂದು ಕಡೆ ಅರಸಿದರು. ಸ್ವರ ಸ್ವರಗಳ ನಡುವಿನ ಸಂಬಂಧದಲ್ಲಿ, ಒಂದು ಧ್ವನಿ ಮತ್ತೊಂದು ಧ್ವನಿಯೊಡನೆ ನಡೆದುಕೊಳ್ಳುವ ರೀತಿಯಲ್ಲಿ. ಹೀಗಾಗಿ ಆ ಸಂಗೀತ ವಾದ್ಯವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ತನ್ನ ಕೊನೆಯ ವರ್ಷಗಳ ‘ಫ್ಯೂಗಿನ ಕಲೆ’ ಎಂಬ ಗ್ರಂಥದಲ್ಲಿ ಬಾಖ್ ಯಾವ ವಾದ್ಯವೆಂದು ಹೆಸರನ್ನೇ ಹೇಳಲಿಲ್ಲ. ಹಾರ್ಪ್ಸಿಕಾರ್ಡಿಗೆ ಹುಟ್ಟಿದ್ದು ಪಿಯಾನೋದಲ್ಲಿ ಬಾಳಿತು. ಆಲೂರಿನ ಹಳೆಯ ಪೆಟ್ಟಿಗೆಯಲ್ಲಿಯೂ ಬಾಳಲಾರದೆ?

ಹುಡುಗಿ ವಾದ ಮಾಡಲಿಲ್ಲ. ರಾತ್ರಿ ಊಟವಾದ ಮೇಲೆ ಅಂಗೈಯಗಲದ ಫೋನನ್ನು ತಾತನ ಕಿವಿಯ ಬಳಿ ಹಿಡಿದು ಬಾಖನ ‘ಬಿ ಮೈನರ್ ಮಾಸ್’ ಎಂಬ ಮಹಾಕೃತಿಯ ಕೊನೆಯ ಭಾಗವನ್ನು ಕೇಳಿಸಿದಳು. ಅದು ಶಾಂತಿಯನ್ನು ಬೇಡುವ ಮೇಳಗೀತ. ಮೊದಲು ಗಂಡಸರ ತಗ್ಗಿನ ಧ್ವನಿ ಏಳುತ್ತದೆ. ಅದರ ಬೆನ್ನಿಗೇ ಗಂಡಸರ ಮೇಲಿನ ಧ್ವನಿ. ಆಮೇಲೆ ಆಲ್ಟೊ ಎಂಬ ನಡುವಿನ ಧ್ವನಿ. ಕಡೆಗೆ ಸೊಪ್ರಾನೊ ಎಂಬ ಅತ್ಯುಚ್ಚ ಧ್ವನಿ. ಬಾಖನ ಕಾಲದ ಲೈಪ್ಜಿಗಿನ ಚರ್ಚುಗಳಲ್ಲಿ ಮೇಲಿನ ಧ್ವನಿಗಳನ್ನು ಶಾಲೆಯ ಹುಡುಗರು ಹಾಡುತ್ತಿದ್ದರು. ಈಗ ಬಹುಮಟ್ಟಿಗೆ ಹೆಂಗಸರು ಹಾಡುತ್ತಾರೆ. ಎಲ್ಲರದೂ ಒಂದೇ ಮಾತು, ಆದರೆ ಯಾರೂ ಒಂದೇ ಸಲಕ್ಕೆ ಹೇಳುವುದಿಲ್ಲ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನ್ನ ಅಜ್ಜಿ ಸೋಬಾನೆ ಹೇಳುತ್ತಿದ್ದಳು” ಎಂದರು. ಮದುವೆಯ ಚಪ್ಪರದಲ್ಲಿ ಇಬ್ಬರು ಮುಂದೆ ಒಂದು ಸೊಲ್ಲು ಹೇಳಿದರೆ ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಸೋಬಾನೆಯಲ್ಲಿ ಹಿಂದಿನವರು ಮುಂದಿನವರ ಸೊಲ್ಲು ಮುಗಿಯುವವರೆಗೆ ಕಾಯುತ್ತಾರೆ. ಇಲ್ಲಿಯೋ, ಕಾಯುವುದಿಲ್ಲ, ಕಾಯದೆಯೂ ಜಗಳವಾಗುವುದಿಲ್ಲ. “ಹತ್ತು ಜನ ಒಟ್ಟಿಗೆ ಮಾತಾಡಿದರೆ ಸಂತೆ ಅನ್ನುತ್ತೇವೆ. ಇವರು ಅದನ್ನು ಹೇಗವ್ವ ದೇವಸ್ಥಾನ ಮಾಡಿದರು?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಉತ್ತರವೂ ಅಷ್ಟು ಕಠಿನವಲ್ಲ. ಒಬ್ಬನು ಓಡುವಾಗ ಇನ್ನೊಬ್ಬನು ನಿಧಾನಿಸುತ್ತಾನೆ. ಒಬ್ಬನು ಏರುವಾಗ ಇನ್ನೊಬ್ಬನು ಇಳಿಯುತ್ತಾನೆ. ಒಬ್ಬನು ಮುಖ್ಯವಾದುದನ್ನು ಹೇಳುವಾಗ ಇನ್ನೊಬ್ಬನು ಅದಕ್ಕೆ ಎಡೆಮಾಡಿಕೊಡುತ್ತಾನೆ, ಆದರೆ ಬಾಯಿ ಮುಚ್ಚುವುದಿಲ್ಲ. ಕೂಡುಕುಟುಂಬಗಳನ್ನು ಕಂಡವರಿಗೆ ಇದರ ಕಷ್ಟವೂ ಗೊತ್ತು, ಸುಖವೂ ಗೊತ್ತು.

ಭಾನುವಾರ ಮಾವನೊಡನೆ ಹುಡುಗಿ ಮಂಜರಾಬಾದಿನ ಕೋಟೆಯನ್ನು ಹತ್ತಿಬಂದಳು. ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ಸ್ವಲ್ಪ ದೂರಕ್ಕೇ ಸಿಗುವ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಕೋಟೆ ಅದು. ಎಂಟು ಮೂಲೆಯ ನಕ್ಷತ್ರದ ಆಕಾರ. ಬರೋಕ್ ಯುಗದಲ್ಲಿಯೇ ಬಾಳಿದ ಫ್ರಾನ್ಸಿನ ವೋಬಾನ್ ಎಂಬ ದುರ್ಗಶಿಲ್ಪಿ ಹೆಸರಾಂತದ್ದು ಇಂಥ ಕೋಟೆಗಳಿಗಾಗಿ. ಇದರ ಮರ್ಮವೇನೆಂದರೆ, ಯಾವ ಮೂಲೆಯೂ ತನ್ನನ್ನು ತಾನೇ ಕಾಯುವುದಿಲ್ಲ. ಒಂದರ ಬುಡವನ್ನು ಪಕ್ಕದ ಮೂಲೆ ಕಾಯುತ್ತದೆ. ಹುಡುಗಿ ಇದನ್ನು ಬಣ್ಣಿಸಿದಾಗ ಮೇಷ್ಟ್ರು, “ನಿನ್ನ ಆ ಹಾಡಿನ ಹಾಗೆಯೇ ಅನ್ನು” ಎಂದರು. ಟಿಪ್ಪುವಿನ ಬಳಿ ಮನೆಗಳನ್ನೊತ್ತಿ ನುಡಿಸುವ ವಾದ್ಯವೂ ಇತ್ತೆಂಬುದನ್ನು ಇಲ್ಲಿ ನೆನೆಯಬಹುದು. ಸಿಪಾಯಿಯ ಮೇಲೆ ಎರಗಿದ ಆ ಪ್ರಸಿದ್ಧ ಮರದ ಹುಲಿಯ ಹೊಟ್ಟೆಯೊಳಗೆ ಗಾಳಿಕೊಳವೆಗಳ ಒಂದು ಪುಟ್ಟ ಆರ್ಗನ್ ಇದೆ. ಅದಕ್ಕೆ 18 ಗುಂಡಿಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಇಂಗ್ಲೆಂಡಿಗೆ ಹೋಗಿ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಹಾಗೆ ನೋಡಿದರೆ ಈ ನಾದ ಕನ್ನಡನಾಡಿಗೆ ತೀರ ಹೊರಗಿನದಲ್ಲ. 94 ಕೃತಿಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರು ಪಿಯಾನೋದಲ್ಲಿ ಪರಿಣತರಾಗಿದ್ದು, ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾಗಿದ್ದರು. ಅರಮನೆಗಿಂತ ಮೊದಲೇ ಅದು ಬಡವರ ಕೊರಳನ್ನೂ ಸೇರಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನಿಯ ಸಭಾಗೀತಗಳ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಲೂಥರನ ಕಾಲದಿಂದ ಜರ್ಮನಿಯ ಸಾಮಾನ್ಯ ಜನ ಹಾಡುತ್ತ ಬಂದ ಆ ಬಗೆಯ ಧಾಟಿಗಳ ಮೇಲೆಯೇ ಬಾಖ್ ತನ್ನ ಚರ್ಚುಸಂಗೀತದ ಬಹುಭಾಗವನ್ನು ಕಟ್ಟಿದ್ದನು.

ತಾತನ ಎಡಗೈಯನ್ನು ಮನೆಗಳ ಮೇಲೆ ಇರಿಸಿದ್ದು ಸೋಮವಾರ. ಹುಡುಗಿ ಬರಹದ ಪುಸ್ತಕವೊಂದರಲ್ಲಿ ಕೆಳಧ್ವನಿಯನ್ನು ಕನ್ನಡದ ಸರಿಗಮದಲ್ಲಿ ಬರೆದಳು. ದಿನಕ್ಕೊಂದು ಆವರ್ತದಂತೆ 22 ದಿನಗಳ ಪಾಠ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರು. ತಿದಿಯೊತ್ತುವ ಕಾಲು ಅವಳದು. ಪಂಚಮವೊಂದು ನುಡಿಯದೆ ಹೋದಾಗ ಮೇಷ್ಟ್ರು ಹೇಳಿಕೊಟ್ಟಂತೆ ಅವಳೇ ರೀಡನ್ನು ಎಳೆದು ಧೂಳು ತೆಗೆದು ಕೂರಿಸಿದಳು.

ಮೊದಲ ದಿನಗಳು ಸುಖವಾಗಿರಲಿಲ್ಲ. ಜೀವಮಾನವೆಲ್ಲ ಹಿಂಬಾಲಿಸಿ ಗೊತ್ತಿದ್ದ ಎಡಗೈ ಬಲಗೈಗಾಗಿ ಕಾಯುತ್ತಿತ್ತು. ಮೊಮ್ಮಗಳು ಮೇಲಿನ ಧ್ವನಿಯನ್ನು ನುಡಿಸಿದ ಕೂಡಲೆ ಅದು ತನ್ನ ಪಾಠವನ್ನು ಬಿಟ್ಟು ಅವಳ ಸ್ವರಗಳನ್ನೇ ಕೆಳಗೆ ಹಿಡಿಯುತ್ತಿತ್ತು. “ನಿಮ್ಮದು ನೀವು ಹೇಳಿ ತಾತ, ನನ್ನದು ಯಾಕೆ ಹೇಳುತ್ತೀರಿ?” ಎಂದಳು ಹುಡುಗಿ. ಆರನೆಯ ದಿನ ಮೇಷ್ಟ್ರು ಮುಷ್ಟಿಯಿಂದ ಮರವನ್ನು ಗುದ್ದಿ ಎದ್ದುಬಿಟ್ಟರು. “ಸಾಯುವ ಕಾಲಕ್ಕೆ ಸಂಗೀತ! ಹೂಕುಂಡ ಇಡುವವರೇ ಜಾಣರು” ಎಂದರು. ಸೀರೆ ಮತ್ತೆ ಪೆಟ್ಟಿಗೆಯನ್ನೇರಿತು.

ಮಾರನೆಯ ದಿನ ಮಗ ಕಾರು ಮಾಡಿಸಿ ಎಲ್ಲರನ್ನೂ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದನು. ಫ್ರಾನ್ಸಿನ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಅಲ್ಲಿಯ ಚರ್ಚು, ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿನ ಪಾಲಾಯಿತು. ಅಣೆಕಟ್ಟು ಪೂರ್ತಿಯಾದದ್ದು 1979ರಲ್ಲಿ. ಒಕ್ಕಲು ಎಬ್ಬಿಸಿಕೊಂಡು ಹೋದ ಊರುಗಳು ಹಲವು. ಮಳೆಗಾಲದಲ್ಲಿ ಅರೆ ಮುಳುಗಿ ನಿಲ್ಲುವ ಆ ಚರ್ಚಿಗೆ ಬೇಸಗೆಯಲ್ಲಿ ನಡೆದುಹೋಗಬಹುದು. ಮಾಡಿಲ್ಲ, ಬಾಗಿಲಿಲ್ಲ, ಕಮಾನುಗಳ ನಡುವೆ ಆಕಾಶ. ಮೇಷ್ಟ್ರು ಹುಡುಗನಾಗಿದ್ದಾಗ ಒಮ್ಮೆ ಕ್ರಿಸ್ಮಸ್ಸಿನ ದೀಪ ನೋಡಲು ಸೋದರಮಾವನ ಹೆಗಲೇರಿ ಅಲ್ಲಿಗೆ ಹೋಗಿದ್ದರು. ಒಳಗೆ ಹಾಡುತ್ತಿದ್ದುದು ಯಾವ ಭಾಷೆಯೆಂದು ಅವರಿಗೆ ತಿಳಿದಿರಲಿಲ್ಲ. ಬಾಗಿಲಿನಿಂದ ಬೆಳಕು ಬಂದಂತೆ ಹಾಡೂ ಬರುತ್ತಿತ್ತೆಂಬುದಷ್ಟೇ ನೆನಪು.

“ಇಲ್ಲಿ ಹಾಡವ್ವ” ಎಂದರು.

ಹುಡುಗಿ ಸಂಕೋಚದಿಂದಲೇ ಹಾಡಿದಳು. ಹ್ಯಾಂಡೆಲನ ‘ಮೆಸಾಯ’ದ ಒಂದು ಮೇಳಗೀತ. 1741ರಲ್ಲಿ ಅವನು 24 ದಿನಗಳಲ್ಲಿ ಬರೆದು ಮುಗಿಸಿದ ಆ ಕೃತಿ ಮರುವರ್ಷ ಡಬ್ಲಿನ್ ನಗರದಲ್ಲಿ ಮೊದಲು ಹಾಡಲ್ಪಟ್ಟಾಗ, ಬಂದ ಹಣವನ್ನು ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಆಸ್ಪತ್ರೆಗಳಿಗೂ ಕೊಟ್ಟರು. ಆದರೆ ಹುಡುಗಿ ಹಾಡಿದ್ದು ಶಾಲೆಯ ವೃಂದದಲ್ಲಿ ತನ್ನ ಪಾಲಿಗೆ ಬಂದಿದ್ದ ಆಲ್ಟೊ ಭಾಗವನ್ನು ಮಾತ್ರ. ಎತ್ತರಕ್ಕೇರುವುದಿಲ್ಲ, ಆಳಕ್ಕಿಳಿಯುವುದಿಲ್ಲ, ನಡುವೆ ನಡುವೆ ಮೌನ.

“ಇದು ಅರ್ಧ ಹಾಡಲ್ಲವೆ?”

“ಕಾಲು ಹಾಡು ತಾತ. ಉಳಿದ ಮೂರು ಪಾಲು ಬೆಂಗಳೂರಿನಲ್ಲಿದೆ.”

“ನಿನಗೆ ಬೇಸರವಾಗುವುದಿಲ್ಲವೆ, ಇಂಥ ಪಾಲು ಕೊಟ್ಟರೆಂದು?”

“ಮೊದಲು ಆಗಿತ್ತು. ಒಂದು ದಿನ ಆಲ್ಟೊದವರೆಲ್ಲ ಜ್ವರ ಬಂದು ಮಲಗಿದ್ದೆವು. ಅವತ್ತು ಹಾಡಿದವರು ಆಮೇಲೆ ಹೇಳಿದರು, ನೆಲವೇ ಇಲ್ಲದಂತೆ ಆಯಿತಂತೆ.”

ಮೇಷ್ಟ್ರು ಕೋಲಿನ ತುದಿಯಿಂದ ಒಣಗಿದ ಕೆಸರಿನ ಮೇಲೆ ಏನನ್ನೋ ಗೀಚುತ್ತ ನಿಂತರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ಕಾಲು ತೊಳೆದವರೇ, “ಏಳನೆಯದನ್ನು ಹೇಳಿಕೊಡು” ಎಂದರು.

ಆ ಕೃತಿಯ ಏಳನೆಯ ಆವರ್ತದಲ್ಲಿ ಒಂದು ವಿಶೇಷವಿದೆ. ಅಲ್ಲಿಯವರೆಗೆ ಮೊದಲು ಮಾತೆತ್ತುವುದು ಬಲಗೈ, ಎಡಗೈ ಉತ್ತರಿಸುತ್ತದೆ. ಏಳನೆಯ ಆವರ್ತದಲ್ಲಿ ಪಾತ್ರ ಬದಲಾಗುತ್ತದೆ. ಎಡಗೈ ಮುಂದೆ ಹೋಗುತ್ತದೆ, ಬಲಗೈ ಅದರ ಹೆಜ್ಜೆಯಲ್ಲಿ ಹೆಜ್ಜೆಯಿಡುತ್ತದೆ. ಹುಡುಗಿ ಅದನ್ನು ವಿವರಿಸಿ, “ಇಲ್ಲಿ ನಾನು ಕಾಯುತ್ತೇನೆ. ನೀವು ಹೇಳಿದ ಮೇಲೆಯೇ ನಾನು” ಎಂದಳು. ಮೇಷ್ಟ್ರು ಎಡಗೈಯನ್ನು ಇಟ್ಟರು. ಒಂದು ಕ್ಷಣ ಪೆಟ್ಟಿಗೆಯಲ್ಲಿ ಉಸಿರು ಮಾತ್ರ ಇತ್ತು. ಆಮೇಲೆ ಕೆಳಗಿನ ಸ್ಥಾಯಿಯಿಂದ ಆ ಎಂಟು ಸ್ವರಗಳು ಒಂದೊಂದಾಗಿ, ಒರಟಾಗಿ, ಆದರೆ ತಪ್ಪದೆ ಎದ್ದುಬಂದವು. ಮೇಲಿನಿಂದ ಮಗುವಿನ ಕೈ ಉತ್ತರ ಕೊಟ್ಟಿತು. ಅಡಿಗೆಯ ಮನೆಯಲ್ಲಿದ್ದ ಸೊಸೆ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಬಂದು ಬಾಗಿಲಲ್ಲಿ ನಿಂತಳು.

ಈ ಸಂಗೀತ ಇಷ್ಟು ಕಾಲ ಉಳಿದುದೇಕೆಂದು ಬಲ್ಲವರು ಹಲವು ಕಾರಣಗಳನ್ನು ಹೇಳುತ್ತಾರೆ. 1750ರಲ್ಲಿ ಬಾಖ್ ತೀರಿಕೊಂಡ ಮೇಲೆ ಅವನ ದೊಡ್ಡ ಮೇಳಕೃತಿಗಳು ಬಹುಮಟ್ಟಿಗೆ ಮೂಲೆಗೆ ಬಿದ್ದವು. ಆದರೆ ಕೀಲುಮನೆಯ ಕೃತಿಗಳನ್ನು ಶಿಷ್ಯರು ಕೈಬರಹದಲ್ಲಿ ನಕಲು ಮಾಡಿಕೊಂಡು ಕಲಿಯುತ್ತಲೇ ಬಂದರು. 1829ರಲ್ಲಿ ಇಪ್ಪತ್ತರ ತರುಣ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ‘ಸಂತ ಮತ್ತಾಯನ ಪ್ಯಾಶನ್’ ಎಂಬ ಮಹಾಕೃತಿಯನ್ನು ಮತ್ತೆ ಹಾಡಿಸಿದ ಮೇಲೆ ಜಗತ್ತು ಕಣ್ತೆರೆಯಿತು. 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್ ನೌಕೆಗಳಲ್ಲಿ ಇಟ್ಟ ಚಿನ್ನದ ಲೇಪದ ತಟ್ಟೆಯಲ್ಲಿ ಬಾಖನವು ಮೂರು ತುಣುಕುಗಳಿವೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆಯೆಂದು ಕೇಳಿ ಮೇಷ್ಟ್ರು, “ಒಳ್ಳೆಯ ಜೊತೆ” ಎಂದು ಸಂತೋಷಪಟ್ಟರು.

ಕಾರಣಗಳು ಏನೇ ಇರಲಿ, ಆಲೂರಿನ ಆ ನಡುಮನೆಯಲ್ಲಿ ಕಂಡ ಕಾರಣ ಸರಳವಾದುದು. ಈ ಸಂಗೀತದಲ್ಲಿ ಆಳುಮಗನಿಲ್ಲ. ಮೇಲಿನದು ಹಾಡು, ಕೆಳಗಿನದು ಹೊರೆ ಹೊರುವುದು ಎಂಬ ಭೇದ ಅಲ್ಲಿಲ್ಲ. ನಡುವಿನ ಧ್ವನಿಗೂ ತಗ್ಗಿನ ಧ್ವನಿಗೂ ಒಂಟಿಯಾಗಿ ಹಾಡಿದರೂ ಕೇಳಬಹುದಾದ ಒಂದು ನಡೆಯಿದೆ. ಎಲ್ಲರೊಡನೆ ಹಾಡಿದಾಗ ಅದಕ್ಕೊಂದು ಅರ್ಥ ಬರುತ್ತದೆ. ತನಗೆ ಸಿಕ್ಕಿದ ಪಾಲು ಚಿಕ್ಕದೆಂದು ಕೊರಗುವ ಮನುಷ್ಯರು ಇರುವವರೆಗೆ ಇಂಥ ಸಂಗೀತಕ್ಕೆ ಕೇಳುಗರಿಗೆ ಬರಗಾಲವಿಲ್ಲ.

ತಿಂಗಳ ಕೊನೆಗೆ ಬಂಗಲೆಯ ಯಜಮಾನರು ಇಬ್ಬರು ಆಳುಗಳನ್ನೂ ಒಂದು ಪುಟ್ಟ ಲಾರಿಯನ್ನೂ ಕರೆದುಕೊಂಡು ಬಂದರು. ಒಳಗೆ ವಾದನ ನಡೆಯುತ್ತಿತ್ತು. ನಿಧಾನವಾದ ವಾದನ, ಬೆಂಗಳೂರಿನ ಪರೀಕ್ಷಕರು ಮೆಚ್ಚಲಾರರು. ಹದಿನೇಳನೆಯ ಆವರ್ತದಲ್ಲಿ ಒಮ್ಮೆ ತಪ್ಪಿ, ಮತ್ತೆ ಹಿಡಿದು, 22ನ್ನೂ ಮುಗಿಸುವವರೆಗೆ ಬಂದವರು ಜಗುಲಿಯಲ್ಲಿ ಚಪ್ಪಲಿ ಕಳಚಿ ನಿಂತರು. ಆಮೇಲೆ ಒಳಗೆ ಬಂದು, “ನುಡಿಯುತ್ತದೆಂದು ನೀವು ಹೇಳಲೇ ಇಲ್ಲವಲ್ಲ!” ಎಂದರು.

ಮೇಷ್ಟ್ರು ಮುಂಗಡದ ಹಣವನ್ನು ಎಣಿಸಿ ಅವರ ಕೈಗಿತ್ತರು. “ಕ್ಷಮಿಸಬೇಕು ಸ್ವಾಮಿ. ಇದು ಎರಡು ಕೈ ಕೇಳುವ ಪೆಟ್ಟಿಗೆ. ಇಲ್ಲವೆಂದುಕೊಂಡು ಮಾತು ಕೊಟ್ಟಿದ್ದೆ. ಲೆಕ್ಕ ಮಾಡಿ ನೋಡಿದರೆ ಮನೆಯಲ್ಲಿ ಮೂರು ಕೈ ಇವೆ” ಎಂದರು. ಬಂದವರು ಕಾಫಿ ಕುಡಿದು ಬರಿಯ ಲಾರಿಯೊಡನೆ ಹಿಂದಿರುಗಿದರು.

ಮೇ ತಿಂಗಳ ಕೊನೆಗೆ ಹುಡುಗಿ ಬೆಂಗಳೂರಿಗೆ ಹೊರಟಳು. ಈಗ ಸಂಜೆಯ ಹೊತ್ತು ಆ ಮನೆಯ ಮುಂದೆ ಹಾದುಹೋಗುವವರಿಗೆ ತಗ್ಗಿನ ಧ್ವನಿಯೊಂದೇ ಕೇಳಿಸುತ್ತದೆ, ತಿದಿಯೊತ್ತುವವಳು ಸೊಸೆ. ನಡುವೆ ನಡುವೆ ಅದು ನಿಲ್ಲುತ್ತದೆ. ಮರೆತುಹೋಯಿತೆಂದು ದಾರಿಹೋಕರು ತಿಳಿಯುತ್ತಾರೆ. ಮೇಷ್ಟ್ರಿಗೆ ಗೊತ್ತು, ಅದು ಮೇಲಿನ ಧ್ವನಿಯ ಸರದಿ. ಅದು ಮುಗಿಯುವಷ್ಟು ಹೊತ್ತು ಸುಮ್ಮನಿದ್ದು, ಸರಿಯಾದ ಗಳಿಗೆಗೆ ತಮ್ಮದನ್ನು ಎತ್ತಿಕೊಳ್ಳುತ್ತಾರೆ. ದಸರೆಯ ರಜಕ್ಕೆ ಬರುವಾಗ ಎರಡನೆಯದನ್ನು ಬರೆದು ತರಬೇಕೆಂದು ಮೊಮ್ಮಗಳಿಗೆ ಹೇಳಿಕಳುಹಿಸಿದ್ದಾರೆ. ಹದಿನೈದರಲ್ಲಿ ಒಂದು ಆಯಿತು. ಇನ್ನು ಹದಿನಾಲ್ಕು ಉಳಿದಿವೆ.